ತಪ್ಪುಗಳ ಲೆಕ್ಕ ಇಟ್ಟ ವೈದ್ಯ

ಕಳೆದ ವರ್ಷ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನನ್ನ ಟೈಟ್ರೇಷನ್ ರೀಡಿಂಗ್ ತಪ್ಪಾಗಿ ಬಂದಿತ್ತು. ಗೆಳೆಯನ ರೆಕಾರ್ಡ್ ನೋಡಿ ಸರಿಯಾದ ಅಂಕಿ ಬರೆದುಕೊಂಡೆ. ಯಾರಿಗೂ ಗೊತ್ತಾಗಲಿಲ್ಲ. ಅರ್ನೆಸ್ಟ್ ಕಾಡ್‌ಮನ್ ಅವರ ಬಗ್ಗೆ ಓದಿದ ಮೇಲೆ ಆ ಪುಟ ನನ್ನನ್ನು ಕಾಡತೊಡಗಿದೆ.

ಕಾಡ್‌ಮನ್ 1869ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದರು. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುವಾಗಲೇ ಗೆಳೆಯ ಹಾರ್ವೆ ಕುಶಿಂಗ್ ಜೊತೆ ಸೇರಿ, ಈಥರ್ ಕೊಟ್ಟ ರೋಗಿಯ ನಾಡಿಬಡಿತವನ್ನು ದಾಖಲಿಸುವ ಚಾರ್ಟ್ ಸಿದ್ಧಪಡಿಸಿದರು. 1895ರಲ್ಲಿ ಪದವಿ ಪಡೆದು, ಮುಂದೆ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು.

ಆಪರೇಷನ್ ಆದ ರೋಗಿ ಮನೆಗೆ ಹೋದ ಮೇಲೆ ಏನಾದ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟರು. ರೋಗಲಕ್ಷಣ, ಮಾಡಿದ ಚಿಕಿತ್ಸೆ, ಎದುರಾದ ತೊಂದರೆ ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಒಂದು ವರ್ಷದ ನಂತರ ರೋಗಿಯನ್ನು ಮತ್ತೆ ವಿಚಾರಿಸುತ್ತಿದ್ದರು. ಗುಣವಾಗದಿದ್ದರೆ ಯಾಕೆ ಎಂಬುದನ್ನೂ ಬರೆಯಬೇಕಿತ್ತು.

ಆಗ ಆಸ್ಪತ್ರೆಯಲ್ಲಿ ಬಡ್ತಿ ಸಿಗುತ್ತಿದ್ದುದು ಸೇವಾ ಹಿರಿತನದ ಮೇಲೆ. ರೋಗಿಗಳ ಫಲಿತಾಂಶ ನೋಡಿ ಬಡ್ತಿ ಕೊಡಿ ಎಂದು ಕಾಡ್‌ಮನ್ ವಾದಿಸಿದರು. ಒಪ್ಪದಿದ್ದಾಗ 1914ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಒಂದು ಸಭೆಯಲ್ಲಿ, ಮರಳಿನಲ್ಲಿ ತಲೆ ಹುದುಗಿಸಿ ಚಿನ್ನದ ಮೊಟ್ಟೆಗಳನ್ನು ಒದೆಯುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರ ತೋರಿಸಿದರು. ಊರಿನ ದೊಡ್ಡ ವೈದ್ಯರೆಲ್ಲ ಸಿಟ್ಟಾದರು.

ಅಷ್ಟರಲ್ಲಿ ಅವರದೇ ಚಿಕ್ಕ ಆಸ್ಪತ್ರೆ ಇತ್ತು. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದವರು 337 ರೋಗಿಗಳು. ಅವರ ಚಿಕಿತ್ಸೆಯಲ್ಲಿ ಆದ 123 ತಪ್ಪುಗಳನ್ನು ಕಾಡ್‌ಮನ್ ಸ್ವತಃ ಅಚ್ಚು ಹಾಕಿಸಿದರು! ಆ ಆಸ್ಪತ್ರೆ ಹೆಚ್ಚು ಕಾಲ ನಡೆಯಲಿಲ್ಲ. ಆದರೂ ಅವರು ಸುಮ್ಮನಾಗಲಿಲ್ಲ. ಮೂಳೆಯ ಕ್ಯಾನ್ಸರ್ ಅಪರೂಪದ ಕಾಯಿಲೆ; ಒಬ್ಬ ವೈದ್ಯನಿಗೆ ಸಿಗುವುದು ಕೆಲವೇ ರೋಗಿಗಳು. ಹಾಗಾಗಿ ಹಲವು ಊರುಗಳ ವೈದ್ಯರಿಂದ ಮಾಹಿತಿ ತರಿಸಿ ಒಂದು ರಿಜಿಸ್ಟ್ರಿ ಕಟ್ಟಿದರು.

1940ರಲ್ಲಿ ಅವರು ತೀರಿಕೊಂಡರು. ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2014ರಲ್ಲಿ. ಆದರೆ ಅವರ ವಿಚಾರ ಉಳಿಯಿತು. ಸ್ವೀಡನ್ ದೇಶ 1975ರಿಂದಲೇ ಮಂಡಿ ಕೀಲು ಬದಲಾವಣೆಯ ಆಪರೇಷನ್‌ಗಳ ರಿಜಿಸ್ಟ್ರಿ ಇಟ್ಟಿದೆ. ಯಾವ ಕೃತಕ ಮಂಡಿ ಬೇಗ ಕೆಡುತ್ತದೆ ಎಂಬುದು ಇಂಥ ದಾಖಲೆಯಿಂದಲೇ ತಿಳಿಯುತ್ತದೆ.

ನಮ್ಮಲ್ಲಿ ಅನೇಕರು ನೀಟ್ ಬರೆದು ಡಾಕ್ಟರ್ ಆಗುವ ಕನಸು ಕಂಡವರು. ತಿದ್ದಿದ ರೀಡಿಂಗ್‌ನಿಂದ ನನಗೆ ಅಂಕ ಸಿಕ್ಕಿತು, ಆದರೆ ನಾನು ಎಲ್ಲಿ ಎಡವಿದೆ ಎಂಬುದು ಇಂದಿಗೂ ಗೊತ್ತಿಲ್ಲ. ನಾಳೆ ಆ ಪುಟದ ಜಾಗದಲ್ಲಿ ಒಬ್ಬ ರೋಗಿ ಇರುತ್ತಾನೆ. ಈ ವರ್ಷದ ರೆಕಾರ್ಡ್‌ನಲ್ಲಿ ಬಂದ ರೀಡಿಂಗನ್ನೇ ಬರೆಯುತ್ತಿದ್ದೇನೆ.