ಸಾಲದ ಮನೆಯ ಕಥೆ ತೋರಿಸಿದ ಬಾಬೂರಾವ್ ಪೇಂಟರ್

ನಮ್ಮ ಶಿರಗುಪ್ಪಿಯವರಿಗೆ ಕೊಲ್ಹಾಪುರ ಪರಊರಲ್ಲ. ಚಪ್ಪಲಿ, ಬೆಲ್ಲ, ಕುಸ್ತಿಗೆ ಹೆಸರಾದ ಆ ಊರಿನಲ್ಲಿ ನೂರು ವರ್ಷಗಳ ಹಿಂದೆ ಒಂದು ಸಿನಿಮಾ ಕಂಪನಿಯೂ ಇತ್ತು. ಅದನ್ನು ಕಟ್ಟಿದವರು ಬಾಬೂರಾವ್ ಪೇಂಟರ್.

ಅವರು 1890ರ ಜೂನ್ 3ರಂದು ಕೊಲ್ಹಾಪುರದಲ್ಲಿ ಹುಟ್ಟಿದರು. ಮನೆತನದ ಹೆಸರು ಮೇಸ್ತ್ರಿ. ಚಿತ್ರಕಲೆಯನ್ನು ತಾವೇ ಕಲಿತು, ಬಂಧು ಆನಂದರಾವ್ ಅವರೊಂದಿಗೆ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಅದರಿಂದಲೇ ಪೇಂಟರ್ ಎಂಬ ಹೆಸರು ಬಂತು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ನೋಡಿದ ಮೇಲೆ ಇಬ್ಬರಿಗೂ ಸಿನಿಮಾ ಹುಚ್ಚು ಹಿಡಿಯಿತು. ವಿದೇಶಿ ಕ್ಯಾಮೆರಾ ಕೈಗೆಟುಕದ್ದರಿಂದ ತಾವೇ ಒಂದನ್ನು ಮಾಡಲು ಕುಳಿತರು. ಕೆಲಸ ಮುಗಿಯುವ ಮೊದಲೇ 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬೂರಾವ್ ಕೈಬಿಡದೆ ಕ್ಯಾಮೆರಾ ಮುಗಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ತೆರೆದರು. ದಾಮ್ಲೆ, ಕಾಗಲದ ಶೇಖ್ ಫತ್ತೇಲಾಲ್, ಶಾಂತಾರಾಮ್ ಅವರ ಕೈಕೆಳಗೆ ಕೆಲಸ ಕಲಿತರು. 1920ರ ಮೊದಲ ಚಿತ್ರ ‘ಸೈರಂಧ್ರಿ’ ಗೆದ್ದಿತು.

ಆಗಿನ ಮೂಕಿ ಚಿತ್ರಗಳಲ್ಲಿ ದೇವರು ಮತ್ತು ರಾಜರ ಕಥೆಗಳೇ ಹೆಚ್ಚು. ಆದರೆ 1925ರಲ್ಲಿ ಬಾಬೂರಾವ್ ‘ಸಾವಕಾರಿ ಪಾಶ್’ ತೆಗೆದರು. ಸಾಹುಕಾರನ ಉರುಲು ಎಂದು ಅದರ ಅರ್ಥ. ಬಡ ರೈತನ ಹೊಲ ಸಾಲಕ್ಕೆ ಹೋಗುತ್ತದೆ. ಅವನು ಊರು ಬಿಟ್ಟು ಪಟ್ಟಣದ ಮಿಲ್ಲಿನಲ್ಲಿ ಕೂಲಿಯಾಗುತ್ತಾನೆ. ರೈತನ ಪಾತ್ರ ಶಾಂತಾರಾಮ್ ಅವರದು. ಪವಾಡವಿಲ್ಲ, ಯುದ್ಧವಿಲ್ಲ. ಮಂದ ಬೆಳಕಿನ ಗುಡಿಸಲೊಂದೇ ಅರ್ಧ ಕಥೆ ಹೇಳುತ್ತಿತ್ತು.

ಅದೇ ಕಾಲಕ್ಕೆ ದೂರದ ಜರ್ಮನಿಯಲ್ಲೂ ಕೆಲವರು ಒಂದು ಮನೆ, ಎರಡು ಮೂರು ಪಾತ್ರಗಳಷ್ಟೇ ಇಟ್ಟುಕೊಂಡು ಮೂಕಿ ಚಿತ್ರ ತೆಗೆಯುತ್ತಿದ್ದರು. ಮುರ್ನೌ ಅವರ 1924ರ ಚಿತ್ರವೊಂದರಲ್ಲಿ ಹೋಟೆಲಿನ ಮುದಿ ಬಾಗಿಲು ಕಾಯುವವನ ಕೆಲಸದ ಜೊತೆ ಸಮವಸ್ತ್ರವೂ ಹೋಗುತ್ತದೆ. ಅವನು ಓಣಿಯವರಿಗೆ ಮುಖ ತೋರಿಸಲು ನಾಚುತ್ತಾನೆ. ಎರಡು ದೇಶಗಳಲ್ಲಿಯೂ ಬಡವನ ಮನೆಯ ಅವಮಾನ ಒಂದೇ ಆಗಿತ್ತು.

‘ಸಾವಕಾರಿ ಪಾಶ್’ ಹಣ ತರಲಿಲ್ಲ. ಜನರಿಗೆ ಪುರಾಣವೇ ಬೇಕಿತ್ತು. ಬಾಬೂರಾವ್ ಮತ್ತೆ ಅಂಥ ಚಿತ್ರಗಳಿಗೇ ಮರಳಿದರು. 1929ರಲ್ಲಿ ಶಿಷ್ಯರು ಹೊರಬಂದು ಪ್ರಭಾತ್ ಕಂಪನಿ ಕಟ್ಟಿದರು. ಸಾಲದ ಕಥೆಯನ್ನು ಮಾತ್ರ ಅವರು ಮರೆಯಲಿಲ್ಲ. 1936ರಲ್ಲಿ ಅದನ್ನೇ ಮಾತಿನ ಚಿತ್ರವಾಗಿ ಮತ್ತೆ ತೆಗೆದರು. 1954ರ ಜನವರಿ 16ರಂದು ತೀರಿಕೊಂಡರು.

ವಾಣಿಜ್ಯ ವಿಭಾಗದಲ್ಲಿ ನಾವು ಅಸಲು, ಬಡ್ಡಿ ಲೆಕ್ಕ ಮಾಡುತ್ತೇವೆ. ಕಬ್ಬಿನ ಬಿಲ್ಲು ಬರುವ ತನಕ ಕೈಗಡ ಮಾಡಿ ದಿನ ತಳ್ಳುವ ಮನೆಗಳು ನಮ್ಮ ಸುತ್ತಲೂ ಇವೆ. ಆ ಮನೆಯ ಒಳಗೆ ಏನಾಗುತ್ತದೆ ಎಂಬುದು ಖಾತೆ ಪುಸ್ತಕದಲ್ಲಿ ಬರುವುದಿಲ್ಲ. ಬಾಬೂರಾವ್ ಅದನ್ನು ಪರದೆಯ ಮೇಲೆ ತಂದರು, ನಷ್ಟವಾದರೂ.