ಶಾಂತಲಾದೇವಿಯ ನಿಯಮನಿಷ್ಠೆ

ಚಾತುರ್ಮಾಸ ಬಂದೊಡನೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶ್ರಾವಕ ಗೃಹಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು. ಕೈಗೊಂಡ ನಿಯಮವು ಸ್ವಭಾವವಾಗಿ ನೆಲೆಗೊಳ್ಳಲು ಎಷ್ಟು ದಿನಗಳು ಬೇಕು? ಇದಕ್ಕೆ ಉತ್ತರವನ್ನು ನಮ್ಮ ಬೆಳಗೊಳದ ಚಿಕ್ಕಬೆಟ್ಟದ ಮೇಲೆಯೇ ಅರಸಬಹುದು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲಾದೇವಿಯ ಬಾಳೇ ಆ ಉತ್ತರ.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಆರಾಧನೆಗಳು ನಡೆಯುತ್ತಿದ್ದ ಆ ವಾತಾವರಣದಲ್ಲಿ ಮಗಳು ತಾಯಿಯ ಮಾರ್ಗವನ್ನು ಹಿಡಿದಳು. ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು. ಸಂಗೀತ ನೃತ್ಯಗಳಲ್ಲಿ ಆಕೆಗಿದ್ದ ನೈಪುಣ್ಯವನ್ನೂ ಧರ್ಮದಲ್ಲಿದ್ದ ಶ್ರದ್ಧೆಯನ್ನೂ ಶಾಸನಗಳು ಒಟ್ಟಿಗೆ ಹೊಗಳುತ್ತವೆ.

ಅರಮನೆಯ ಬಾಳು ನಿಯಮಪಾಲನೆಗೆ ಅನುಕೂಲವಾದುದೇನಲ್ಲ. ಪತಿಯಾದರೋ 1117ರಲ್ಲಿ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಾಪಿಸಿದವನು. ಹೀಗಿದ್ದೂ ದೇವಿ ತನ್ನ ಶ್ರದ್ಧೆಯನ್ನು ಸಡಿಲಗೊಳಿಸಲಿಲ್ಲ. ಪರರ ಶ್ರದ್ಧೆಯೊಡನೆ ಕಲಹಕ್ಕೂ ನಿಲ್ಲಲಿಲ್ಲ. 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಬಸದಿಯೊಂದನ್ನು ಕಟ್ಟಿಸಿ ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದಳು. ಆಕೆಯ ಬಿರುದಿನಿಂದ ಅದು ಸವತಿಗಂಧವಾರಣ ಬಸದಿಯೆಂದು ಹೆಸರಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದೇವಿ ಬಸದಿಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಪೂಜೆಗೂ ಋಷಿಸಮುದಾಯದ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಗ್ರಾಮವನ್ನು ತನ್ನ ಗುರುಗಳಿಗೆ ದತ್ತಿಯಾಗಿ ಒಪ್ಪಿಸಿದಳು. ಪ್ರತಿಷ್ಠೆ ಒಂದು ದಿನದ ಉತ್ಸಾಹ. ಪೂಜೆಯಾದರೋ ಪ್ರತಿದಿನದ ಕರ್ತವ್ಯ. ಉತ್ಸಾಹ ಇಳಿದ ಮೇಲೂ ಕರ್ತವ್ಯವು ನಿಲ್ಲದಂತೆ ಸ್ಥಳ, ಕಾಲ, ಸಾಧನಗಳನ್ನು ಮೊದಲೇ ಅಣಿಗೊಳಿಸುವುದೇ ನಿಯಮವನ್ನು ಸ್ಥಿರಗೊಳಿಸುವ ಉಪಾಯ.

1131ರಲ್ಲಿ ಶಾಂತಲಾದೇವಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು. ಅನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸಮಕ್ಷಮದಲ್ಲಿ ಸನ್ಯಸನವನ್ನು ಸ್ವೀಕರಿಸಿ, ಪಂಚನಮಸ್ಕಾರವನ್ನು ಸ್ಮರಿಸುತ್ತ ಒಂದು ತಿಂಗಳ ಅನಶನದಿಂದ ಸಮಾಧಿಯನ್ನು ಪಡೆದಳೆಂದು ಶಾಸನವು ತಿಳಿಸುತ್ತದೆ. ಓದಿದವರ ಕಣ್ಣು ತೇವಗೊಳ್ಳುವ ಪ್ರಸಂಗವಿದು. ಆದರೆ ನಾವು ಅನುಸರಿಸತಕ್ಕದ್ದು ಆ ಕೊನೆಯ ತಿಂಗಳನ್ನಲ್ಲ. ಮಗಳಿಗೆ ಜಿನನಾಮವನ್ನು ಕಲಿಸಿದ ಅದರ ಹಿಂದಿನ ವರ್ಷಗಳನ್ನು. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಸಮಂತಭದ್ರಾಚಾರ್ಯರು ಸಲ್ಲೇಖನೆಯನ್ನು ವಿಧಿಸಿದರು. ಅದು ದುಃಖದ ಆವೇಶಕ್ಕೆ ಒದಗುವ ಮಾರ್ಗವಲ್ಲ.

ಅದೇ ಆಚಾರ್ಯರು ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ: ಕಾಲಮಿತಿಯುಳ್ಳದ್ದು ನಿಯಮ, ಬಾಳಿನ ಕೊನೆಯವರೆಗಿನದು ಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ ಎಂದು ನಿಯಮವನ್ನು ಅಭ್ಯಾಸ ಮಾಡಿದವನೇ ಯಮಕ್ಕೆ ಅರ್ಹನಾಗುತ್ತಾನೆ. ದಶಲಕ್ಷಣ ವ್ರತವನ್ನು 10 ವರ್ಷ, ಅನಂತ ವ್ರತವನ್ನು 14 ವರ್ಷ ಆಚರಿಸಿ ಉದ್ಯಾಪನೆ ಮಾಡುವ ಕ್ರಮದ ಹಿಂದೆಯೂ ಈ ತಿಳಿವಳಿಕೆಯೇ ಇದೆ.

ಲಂಡನ್ನಿನ ಸಂಶೋಧಕರು 96 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನಗಳು ಬೇಕಾದವು. ಆದರೆ ಕೆಲವರಿಗೆ 18 ದಿನಗಳೇ ಸಾಕಾದರೆ, ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂದು ಲೆಕ್ಕಹಾಕಲಾಯಿತು. ಒಂದು ದಿನ ತಪ್ಪಿದರೆ ಅಭ್ಯಾಸವು ಕೆಡುವುದಿಲ್ಲವೆಂಬುದೂ ಕಂಡುಬಂದಿತು. ತಪ್ಪಿದವನಿಗೆ ಪ್ರತಿಕ್ರಮಣ, ಪ್ರಾಯಶ್ಚಿತ್ತಗಳನ್ನು ವಿಧಿಸಿ ಮತ್ತೆ ವ್ರತದಲ್ಲಿ ನಿಲ್ಲಿಸುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸ ಮಾತಾಗಲಾರದು.

ಆದುದರಿಂದ ಈ ಚಾತುರ್ಮಾಸದಲ್ಲಿ ಅಷ್ಟೋಪವಾಸಕ್ಕೆ ಹಾತೊರೆಯುವ ಮೊದಲು ರಾತ್ರಿಭೋಜನತ್ಯಾಗದಂತಹ ಒಂದು ಚಿಕ್ಕ ನಿಯಮವನ್ನು ಕೈಗೊಳ್ಳೋಣ. ಸೂರ್ಯಾಸ್ತಕ್ಕೆ ಮುನ್ನ ಅಡಿಗೆ ಸಿದ್ಧವಾಗುವಂತೆ ಮನೆಮಂದಿಯೆಲ್ಲ ಕೂಡಿ ಏರ್ಪಡಿಸೋಣ. ಮನೆಯ ಏರ್ಪಾಡು ಸರಿಯಿದ್ದರೆ ನಾಲ್ಕು ತಿಂಗಳ ನಿಯಮವು ಐದನೆಯ ತಿಂಗಳಲ್ಲಿಯೂ ತಾನಾಗಿ ಮುಂದುವರಿದೀತು.