ಮನಸ್ಸಿಗೆ ಮದ್ದು ಅರೆದ ಎಮಿಲ್ ಕುಯೆ

ಪರೀಕ್ಷೆ ಸಮೀಪಿಸಿದ ದಿನಗಳಲ್ಲಿ ವಿದ್ಯಾರ್ಥಿನಿಲಯದ ಯಾವ ಕೋಣೆಗೆ ಹೋದರೂ ಕಿವಿಗೆ ಬೀಳುವ ಮಾತು ಒಂದೇ. ತನ್ನಿಂದ ಇದು ಆಗದು, ತನ್ನ ತಲೆಗೆ ಇದು ಹತ್ತದು, ಹಳ್ಳಿಯಿಂದ ಬಂದ ತನಗೆ ಇಂಗ್ಲಿಷ್ ಒಲಿಯದು ಎಂದು ಒಬ್ಬೊಬ್ಬರೂ ತಮ್ಮನ್ನು ತಾವೇ ಹಳಿದುಕೊಳ್ಳುತ್ತಿರುತ್ತಾರೆ. ಇದೇ ಮಾತನ್ನು ಹೊರಗಿನವರು ಯಾರಾದರೂ ಆಡಿದ್ದರೆ ನಾವು ಜಗಳಕ್ಕೆ ನಿಲ್ಲುತ್ತಿದ್ದೆವು. ನಾವೇ ಆಡಿಕೊಂಡಾಗ ಮಾತ್ರ ಅದನ್ನು ವೇದವಾಕ್ಯವೆಂದು ನಂಬಿಬಿಡುತ್ತೇವೆ. ಮನುಷ್ಯನು ತನಗೆ ತಾನೇ ಹೇಳಿಕೊಳ್ಳುವ ಮಾತಿಗೆ ಎಂತಹ ಬಲವಿದೆ ಎಂಬುದನ್ನು ಬಹುಕಾಲ ಪರೀಕ್ಷಿಸಿ, ಆ ಬಲವನ್ನು ಹಿತಕ್ಕೆ ತಿರುಗಿಸಿಕೊಳ್ಳಬಹುದೆಂದು ಸಾರಿದ ಮಹನೀಯರೊಬ್ಬರು ಫ್ರಾನ್ಸ್ ದೇಶದಲ್ಲಿದ್ದರು. ಅವರೇ ಎಮಿಲ್ ಕುಯೆ. ಅವರು ಔಷಧಿ ಅಂಗಡಿ ಇಟ್ಟುಕೊಂಡಿದ್ದ ಸಾಧಾರಣ ಗೃಹಸ್ಥರು.

ಕುಯೆಯವರು 1857ನೆಯ ಇಸವಿ ಫೆಬ್ರವರಿ 26ರಂದು ತ್ರುವಾ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ರೈಲ್ವೆಯಲ್ಲಿ ನೌಕರರು. ಮನೆಯಲ್ಲಿ ಉಪವಾಸವಿರಲಿಲ್ಲವಾದರೂ ಸಿರಿತನವೂ ಇರಲಿಲ್ಲ. ರಸಾಯನಶಾಸ್ತ್ರಜ್ಞನಾಗಬೇಕೆಂಬುದು ಬಾಲಕನ ಆಸೆ. ಮನೆಯ ಸ್ಥಿತಿ ಅದಕ್ಕೆ ಆಸ್ಪದ ಕೊಡಲಿಲ್ಲ. ಬೇಗನೆ ಕೈಗೆ ಸಂಪಾದನೆ ತರುವ ವಿದ್ಯೆ ಬೇಕಾಗಿದ್ದುದರಿಂದ ಅವರು ಪ್ಯಾರಿಸ್ಸಿನಲ್ಲಿ ಔಷಧಶಾಸ್ತ್ರವನ್ನು ಕಲಿತು, 1882ರ ಹೊತ್ತಿಗೆ ಹುಟ್ಟೂರಿನಲ್ಲಿಯೇ ಔಷಧಿ ವ್ಯಾಪಾರಕ್ಕೆ ನಿಂತರು. ಬಯಸಿದ್ದು ದೊರೆಯಲಿಲ್ಲವೆಂದು ಕೊರಗುತ್ತ ಕೂರುವ ಸ್ವಭಾವ ಅವರದಾಗಿರಲಿಲ್ಲ. ದೊರೆತ ಅಂಗಡಿಯನ್ನೇ ಅವರು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು.

ಆ ಅಂಗಡಿಯಲ್ಲಿ ಅವರು ಒಂದು ಸೋಜಿಗವನ್ನು ಗಮನಿಸಿದರು. ಅದೇ ಔಷಧಿ, ಅದೇ ಪ್ರಮಾಣ. ಸುಮ್ಮನೆ ಕಟ್ಟಿ ಕೊಟ್ಟಾಗ ಅದು ಮಾಡುವ ಕೆಲಸಕ್ಕಿಂತ, ಇದು ಬಹಳ ಒಳ್ಳೆಯ ಔಷಧಿ, ಇದರಿಂದ ಖಂಡಿತ ಗುಣವಾಗುತ್ತದೆ ಎಂದು ನಾಲ್ಕು ಮಾತು ಸೇರಿಸಿ ಕೊಟ್ಟಾಗ ಅದು ಮಾಡುವ ಕೆಲಸ ಹೆಚ್ಚಾಗಿತ್ತು. ಹಾಗಾದರೆ ರೋಗಿಗೆ ಹಿತ ಮಾಡಿದ್ದು ಸೀಸೆಯೊಳಗಿನ ದ್ರವವೇ, ಕಿವಿಗೆ ಬಿದ್ದ ಮಾತೇ? ಬೇರೆ ವ್ಯಾಪಾರಿಯಾಗಿದ್ದರೆ ಲಾಭವಾಯಿತಲ್ಲ ಎಂದು ಅಷ್ಟಕ್ಕೇ ಸುಮ್ಮನಾಗುತ್ತಿದ್ದನು. ಕುಯೆಯವರಿಗೆ ಈ ಪ್ರಶ್ನೆ ನಿದ್ದೆಗೆಡಿಸಿತು. ಇಂದಿನ ವೈದ್ಯಶಾಸ್ತ್ರ ಪ್ಲಸೀಬೊ ಪರಿಣಾಮವೆಂದು ಹೆಸರಿಟ್ಟು ಅಧ್ಯಯನ ಮಾಡುತ್ತಿರುವ ವಿಷಯಕ್ಕೆ ಇದು ಹತ್ತಿರದ ಸಂಬಂಧಿ.

ಉತ್ತರದ ಕಡೆಗೆ ಅವರನ್ನು ಕೊಂಡೊಯ್ದದ್ದು ನಾನ್ಸಿ ನಗರ. ಅಲ್ಲಿ ಲಿಯೆಬೋ ಎಂಬ ವೃದ್ಧ ವೈದ್ಯರು ಬಡವರಿಗೆ ಸಂಮೋಹನದಿಂದ ಚಿಕಿತ್ಸೆ ಮಾಡುತ್ತಿದ್ದರು. ವೈದ್ಯಕೀಯ ಪ್ರಾಧ್ಯಾಪಕರಾದ ಬರ್ನ್‌ಹೈಮ್ ಅವರೂ ಅದೇ ಮಾರ್ಗದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಈ ಪಂಥದ ಕೀರ್ತಿ ಎಷ್ಟಿತ್ತೆಂದರೆ 1889ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಸಹ ಅದನ್ನು ಕಣ್ಣಾರೆ ನೋಡಲು ನಾನ್ಸಿಗೆ ಬಂದಿದ್ದರು. ಅದಕ್ಕೆ ನಾಲ್ಕು ವರ್ಷ ಮೊದಲೇ, 1885ರಲ್ಲಿ, ಕುಯೆಯವರು ಲಿಯೆಬೋ ಅವರ ಚಿಕಿತ್ಸೆಯನ್ನು ಕಂಡಿದ್ದರು. ಮುಂದೆ ತಾವೂ ಸಂಮೋಹನವನ್ನು ಅಭ್ಯಾಸ ಮಾಡಿ ನೋಡಿದರು. ಆದರೆ ಎಲ್ಲರನ್ನೂ ಸಂಮೋಹನದ ನಿದ್ರೆಗೆ ಒಳಪಡಿಸುವುದು ಸಾಧ್ಯವಿರಲಿಲ್ಲ. ಕ್ರಮೇಣ ಅವರಿಗೆ ಒಂದು ಮುಖ್ಯವಾದ ಅರಿವು ಮೂಡಿತು. ಇನ್ನೊಬ್ಬರು ಎಷ್ಟೇ ಹೇಳಿದರೂ, ಕೇಳುವವನ ಮನಸ್ಸು ಅದನ್ನು ಒಪ್ಪಿ ತನ್ನದಾಗಿ ಮಾಡಿಕೊಂಡಾಗಲೇ ಆ ಮಾತು ಕೆಲಸ ಮಾಡುವುದು. ಹಾಗಿದ್ದ ಮೇಲೆ ಸಂಮೋಹನಕಾರನೇ ಏಕೆ ಬೇಕು? ಎಚ್ಚರದಲ್ಲಿರುವ ಮನುಷ್ಯ ತನಗೆ ತಾನೇ ಹೇಳಿಕೊಳ್ಳಬಾರದೇಕೆ?

ಇಲ್ಲಿಂದ ಹುಟ್ಟಿದ್ದೇ ಅವರ ಸ್ವಯಂಸೂಚನೆಯ ವಿಧಾನ. ಇದರ ತಿರುಳನ್ನು ತಿಳಿಯಲು ಅವರೇ ಕೊಡುತ್ತಿದ್ದ ನಿದರ್ಶನವೊಂದಿದೆ. ನೆಲದ ಮೇಲೆ ಒಂದು ಉದ್ದನೆಯ ಹಲಗೆಯನ್ನು ಹಾಸಿದರೆ ಅದರ ಮೇಲೆ ಯಾರು ಬೇಕಾದರೂ ನಡೆದಾರು. ಅದೇ ಹಲಗೆಯನ್ನು ದೊಡ್ಡ ಚರ್ಚಿನ ಎರಡು ಗೋಪುರಗಳ ನಡುವೆ ಇಟ್ಟರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ನಡುಗುತ್ತದೆ. ಹಲಗೆಯ ಅಗಲ ಕಡಮೆಯಾಗಲಿಲ್ಲ, ಕಾಲಿನ ಬಲವೂ ಕುಂದಲಿಲ್ಲ. ನಡೆಯಬೇಕೆಂಬ ಇಚ್ಛೆ ಬೇಕಾದಷ್ಟಿದೆ. ಆದರೆ ಬೀಳುತ್ತೇನೆಂಬ ಚಿತ್ರ ಮನಸ್ಸನ್ನು ತುಂಬಿದೆ. ಇಚ್ಛಾಶಕ್ತಿಗೂ ಕಲ್ಪನಾಶಕ್ತಿಗೂ ಕಾಳಗವಾದಾಗ ಗೆಲ್ಲುವುದು ಯಾವಾಗಲೂ ಕಲ್ಪನೆಯೇ ಎಂಬುದು ಅವರ ಸಿದ್ಧಾಂತ. ಹೊಸದಾಗಿ ಸೈಕಲ್ ಕಲಿಯುವವನು ಕಲ್ಲನ್ನು ತಪ್ಪಿಸಬೇಕೆಂದು ಹಟ ಹಿಡಿದಷ್ಟೂ ನೇರವಾಗಿ ಅದರ ಮೇಲೆಯೇ ಹಾಯುತ್ತಾನೆ. ಮಲಗಿದವನು ನಿದ್ದೆ ಬರಲೇಬೇಕೆಂದು ಹೆಣಗಿದಷ್ಟೂ ಎಚ್ಚರಗೊಳ್ಳುತ್ತಾನೆ. ಮರೆತ ಹೆಸರನ್ನು ತಡಕಾಡಿದಷ್ಟೂ ಅದು ದೂರ ಸರಿದು, ಸುಮ್ಮನಾದ ಮೇಲೆ ತಾನಾಗಿ ಬರುತ್ತದೆ. ಇವೆಲ್ಲ ನಮಗೆ ಅನುಭವವಿಲ್ಲದ ಸಂಗತಿಗಳೇನೂ ಅಲ್ಲ. ಕುಯೆಯವರ ಶಿಷ್ಯರಾದ ಶಾರ್ಲ್ ಬೋದ್ವೆಂ ಅವರು ಇದನ್ನು ವಿಪರೀತ ಪ್ರಯತ್ನದ ನಿಯಮವೆಂದು ಕರೆದು ಶಾಸ್ತ್ರೀಯವಾಗಿ ವಿವರಿಸಿದರು.

ಮನಸ್ಸಿದ್ದರೆ ಮಾರ್ಗ ಎಂಬ ಗಾದೆಯನ್ನು ನಾವು ಕೇಳುತ್ತ ಬೆಳೆದವರು. ಕುಯೆಯವರ ವಿಚಾರ ಈ ಗಾದೆಯನ್ನು ಅಲ್ಲಗಳೆಯುವುದಿಲ್ಲ. ಮನಸ್ಸೆಂದರೆ ಯಾವುದು ಎಂದು ಕೇಳುತ್ತದೆ. ಹಲ್ಲು ಕಚ್ಚಿ ಹಟ ಮಾಡುವುದಷ್ಟೇ ಮನಸ್ಸಾಗಲಾರದು. ಒಳಗೊಳಗೇ ಸೋಲಿನ ಚಿತ್ರ ಬರೆದುಕೊಳ್ಳುವುದೂ ಅದೇ ಮನಸ್ಸು. ಆ ಚಿತ್ರವನ್ನು ಬದಲಾಯಿಸದೆ ಹಟವನ್ನು ಮಾತ್ರ ಹೆಚ್ಚಿಸಿದರೆ, ಮುಂಗಾಲಿಗೆ ಹಗ್ಗ ಬಿಗಿದ ಎತ್ತನ್ನು ಬಾರುಕೋಲಿನಿಂದ ಹೊಡೆದಂತೆಯೇ ಸರಿ.

ಚಿತ್ರವನ್ನು ಬದಲಾಯಿಸಲು ಅವರು ಹೇಳಿಕೊಟ್ಟ ಉಪಾಯ ಮಕ್ಕಳಾಟದಷ್ಟು ಸರಳ. ಬೆಳಗ್ಗೆ ಏಳುವ ಮುನ್ನ, ರಾತ್ರಿ ಮಲಗಿದ ಕೂಡಲೆ, ಕಣ್ಣು ಮುಚ್ಚಿ, ದಿನದಿಂದ ದಿನಕ್ಕೆ ಎಲ್ಲ ರೀತಿಯಲ್ಲೂ ತಾನು ಉತ್ತಮಗೊಳ್ಳುತ್ತಿರುವುದಾಗಿ ತುಟಿಯಲ್ಲಿಯೇ ಇಪ್ಪತ್ತು ಸಲ ಹೇಳಿಕೊಳ್ಳಬೇಕು. ಎಣಿಕೆಗೆ ಮನಸ್ಸು ಹರಿಯದಿರಲೆಂದು ಇಪ್ಪತ್ತು ಗಂಟು ಹಾಕಿದ ದಾರವನ್ನು ಬೆರಳಲ್ಲಿ ಸರಿಸಬೇಕು. ಜಪಮಣಿ ಎಣಿಸುವ ಅಜ್ಜಿಯರನ್ನು ಕಂಡ ನಮಗೆ ಇದು ವಿಚಿತ್ರವೆನಿಸದು. ಹೇಳುವಾಗ ಆವೇಶ ಬೇಡ, ಪ್ರಯಾಸ ಬೇಡ ಎಂಬುದು ಅವರ ಮುಖ್ಯ ಎಚ್ಚರಿಕೆ. ಪ್ರಯಾಸಪಟ್ಟರೆ ಮತ್ತೆ ಇಚ್ಛೆ ಮಧ್ಯೆ ಬಂದು ಕಲ್ಪನೆಯನ್ನು ಕೆಣಕುತ್ತದೆ.

1910ರಲ್ಲಿ ಅವರು ನಾನ್ಸಿಯಲ್ಲಿ ನೆಲೆಸಿ, ತಮ್ಮ ಮನೆಯಲ್ಲಿಯೇ ಜನರನ್ನು ಗುಂಪುಗುಂಪಾಗಿ ಬರಮಾಡಿಕೊಳ್ಳತೊಡಗಿದರು. 1913ರಲ್ಲಿ ಲೊರೇನ್ ಪ್ರಾಂತದ ಆನ್ವಯಿಕ ಮನಶ್ಶಾಸ್ತ್ರ ಸಂಘವನ್ನು ಸ್ಥಾಪಿಸಿದರು. ಬಂದವರಿಗೆ ಮೊದಲು ಒಂದು ಪ್ರಯೋಗ: ಎರಡೂ ಕೈಗಳ ಬೆರಳನ್ನು ಹೆಣೆದು ಬಿಗಿಯಾಗಿ ಹಿಡಿದು, ಬಿಡಿಸಲಾರೆನೆಂದೇ ಯೋಚಿಸುತ್ತ ಬಿಡಿಸಲು ಯತ್ನಿಸಬೇಕು. ಆ ಯೋಚನೆ ಇರುವವರೆಗೆ ಕೈ ಬಿಡುವುದಿಲ್ಲ. ಬಿಡಿಸಬಲ್ಲೆನೆಂದು ಯೋಚಿಸಿದೊಡನೆ ಸಡಿಲವಾಗುತ್ತದೆ. ತನ್ನನ್ನು ಕಟ್ಟಿದ್ದು ತನ್ನದೇ ಯೋಚನೆಯೆಂದು ಬಡ ರೈತನಿಗೂ ಪಂಡಿತನಿಗೂ ಒಂದೇ ಗಳಿಗೆಯಲ್ಲಿ ಮನವರಿಕೆಯಾಗುತ್ತಿತ್ತು. ಈ ಚಿಕಿತ್ಸೆಗೆ ಅವರು ಶುಲ್ಕ ಪಡೆಯುತ್ತಿರಲಿಲ್ಲ. ಯಾರಾದರೂ ಕೃತಜ್ಞತೆಯಿಂದ ಕೈಮುಗಿಯಲು ಬಂದರೆ, ಗುಣಪಡಿಸಿದ್ದು ತಾವಲ್ಲವೆಂದೂ, ಗುಣಪಡಿಸುವ ಶಕ್ತಿ ಅವರಲ್ಲಿಯೇ ಇದ್ದಿತೆಂದೂ ತಿಳಿಸಿ ಕಳುಹುತ್ತಿದ್ದರು. ಪವಾಡಪುರುಷನೆನಿಸಿಕೊಳ್ಳುವ ಅವಕಾಶ ಬಾಗಿಲಿಗೆ ಬಂದಾಗ ಅದನ್ನು ಬೇಡವೆನ್ನುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ.

ಮೊದಲ ಮಹಾಯುದ್ಧದ ತರುವಾಯ ಅವರ ಹೆಸರು ಗಡಿ ದಾಟಿತು. ಅವರ ಪುಸ್ತಕ ಇಂಗ್ಲಿಷಿಗೆ ಬಂದಿತು. ಇಂಗ್ಲೆಂಡಿನಲ್ಲಿ ಅವರ ಉಪನ್ಯಾಸಗಳಿಗೆ ಜನ ಕಿಕ್ಕಿರಿದರು. 1923ರಲ್ಲಿ ಅಮೆರಿಕಕ್ಕೆ ಹೋದಾಗ ಪತ್ರಿಕೆಗಳು ಅವರನ್ನು ಹಿಂಬಾಲಿಸಿದವು. ಕೀರ್ತಿಯ ಬೆನ್ನಿಗೇ ಅಪಹಾಸ್ಯವೂ ಬಂದಿತು. ಒಂದು ವಾಕ್ಯವನ್ನು ಗಿಳಿಪಾಠ ಮಾಡಿದರೆ ರೋಗ ಹೋಗುವುದೇ ಎಂದು ಅನೇಕರು ನಕ್ಕರು. ವೈದ್ಯರು ಆಕ್ಷೇಪಿಸಿದರು. ಕುಯೆಯವರು ವೈದ್ಯರನ್ನು ಬಿಡಿರೆಂದು ಯಾರಿಗೂ ಬೋಧಿಸಲಿಲ್ಲ. ತಮ್ಮ ವಿಧಾನವು ಚಿಕಿತ್ಸೆಗೆ ಸಹಾಯಕವೇ ಹೊರತು ಪ್ರತಿಸ್ಪರ್ಧಿಯಲ್ಲ ಎಂಬುದು ಅವರ ನಿಲುವು. ಆದರೂ ಅವರ ಭಕ್ತರಲ್ಲಿ ಕೆಲವರು ಅದನ್ನು ಸರ್ವರೋಗನಿವಾರಣಿ ಎಂಬಂತೆ ಕೊಂಡಾಡಿದ್ದರಿಂದ ಅದಕ್ಕೆ ಕೆಟ್ಟ ಹೆಸರು ತಗುಲಿತು. ದೇಶದಿಂದ ದೇಶಕ್ಕೆ ಸುತ್ತಿ ದಣಿದ ಅವರು 1926ನೆಯ ಇಸವಿ ಜುಲೈ 2ರಂದು ನಾನ್ಸಿಯಲ್ಲಿ ತೀರಿಕೊಂಡರು. ಆಗ ಅವರಿಗೆ 69 ವರ್ಷ.

ಅವರ ಮಾತೆಲ್ಲವನ್ನೂ ನಾವು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. 2009ರಲ್ಲಿ ಕೆನಡಾದ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ಒಂದು ಎಚ್ಚರಿಕೆಯನ್ನು ಕೊಟ್ಟಿದೆ. ತಾವು ಪ್ರೀತಿಗೆ ಪಾತ್ರರೆಂದು ಮತ್ತೆ ಮತ್ತೆ ಹೇಳಿಕೊಂಡವರಲ್ಲಿ, ಮೊದಲೇ ಆತ್ಮಗೌರವವುಳ್ಳವರಿಗೆ ಸ್ವಲ್ಪ ಹಿತವಾಯಿತು. ತಮ್ಮನ್ನು ಕೀಳೆಂದು ಬಗೆದಿದ್ದವರಿಗೆ ಮನಸ್ಸು ಇನ್ನಷ್ಟು ಕುಗ್ಗಿತು. ಯಾರಿಗೆ ಮದ್ದು ಹೆಚ್ಚಾಗಿ ಬೇಕಾಗಿತ್ತೋ ಅವರಿಗೇ ಅದು ಹಿಡಿಸಲಿಲ್ಲ. ನಂಬಲಾಗದ ದೊಡ್ಡ ಮಾತನ್ನು ಹೇಳಿಕೊಂಡಾಗ ಒಳಗಿನ ಮನಸ್ಸು ಎದುರುತ್ತರ ಕೊಡುವುದು ಸಹಜ. ಯೋಚಿಸಿ ನೋಡಿದರೆ, ಒಳಗಿನ ಕಲ್ಪನೆಗೂ ಹೊರಗಿನ ಹಟಕ್ಕೂ ಜಗಳ ಹೂಡಬೇಡಿರೆಂದು ಕುಯೆಯವರೂ ಎಚ್ಚರಿಸಿದ್ದರಷ್ಟೆ. ಅವರು ಆರಿಸಿಕೊಂಡ ವಾಕ್ಯವೂ ತಾನು ಶ್ರೇಷ್ಠನಾಗಿಬಿಟ್ಟೆನೆಂದು ಕೊಚ್ಚಿಕೊಳ್ಳುವುದಿಲ್ಲ. ನಿನ್ನೆಗಿಂತ ಇಂದು ಒಂದು ಹೆಜ್ಜೆ ಮುಂದಿರುವೆನೆಂದಷ್ಟೇ ಹೇಳುತ್ತದೆ.

ಸಹಪಾಠಿಗಳೇ, ನಮಗೆ ಬೇಕಾದುದು ಈ ಒಂದು ಹೆಜ್ಜೆಯೇ. ಓದದೆ ಕುಳಿತು ಪ್ರಥಮ ದರ್ಜೆಯ ಜಪ ಮಾಡಿದರೆ ಫಲವಿಲ್ಲ. ಓದಿಯೂ ತನ್ನಿಂದಾಗದೆಂದು ಹಗಲಿರುಳೂ ಜಪಿಸಿದರೆ ಓದಿದ್ದೂ ಫಲಿಸದು. ನಮ್ಮಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ನಮ್ಮ ಎದುರಿಗಿರುವ ಹಲಗೆ ಇತರರು ನಡೆದ ಹಲಗೆಯಷ್ಟೇ ಅಗಲವಾಗಿದೆ. ಅದು ನಮ್ಮ ಕಣ್ಣಿಗೆ ಗೋಪುರದ ಎತ್ತರದಲ್ಲಿ ಕಾಣುತ್ತಿದೆ, ಅಷ್ಟೆ. ಇಂದು ರಾತ್ರಿ ಪುಸ್ತಕ ಮುಚ್ಚಿ ದೀಪ ಆರಿಸುವಾಗ, ನಿನ್ನೆ ತಿಳಿಯದ ಒಂದು ವಿಷಯ ಇಂದು ತಿಳಿಯಿತೆಂದು ನಮಗೆ ನಾವೇ ನಿಜವಾಗಿ ಹೇಳಿಕೊಳ್ಳುವಂತಾದರೆ ಸಾಕು. ತ್ರುವಾದ ಆ ಔಷಧಿ ವ್ಯಾಪಾರಿ ಅರೆದಿಟ್ಟ ಮದ್ದು ನಮ್ಮ ಪಾಲಿಗೂ ಬಂದಂತಾಯಿತು.